ಶುಕ್ರವಾರ ಪೇಠೆಯ ಅಟ್ಟ: ಕೇಳಕರ ವಸ್ತುಸಂಗ್ರಹಾಲಯದಲ್ಲಿ ಮೂರು ತಾಸು

ಪುಣೆಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಊರಿನಿಂದ ಬಂದ ನೆಂಟರನ್ನು ತಿರುಗಾಡಿಸುವ ಕೆಲಸ ವರ್ಷಕ್ಕೆ ನಾಲ್ಕಾರು ಸಲವಾದರೂ ಒದಗಿ ಬರುತ್ತದೆ. ಶನಿವಾರವಾಡೆ, ದಗಡೂಶೇಠ ಗಣಪತಿ, ಸಿಂಹಗಡ, ಹೊರಡುವ ಮುನ್ನ ಎರಡು ಕಿಲೋ ಬಾಕರವಡಿ, ಅಲ್ಲಿಗೆ ಆ ಪಟ್ಟಿ ಮುಗಿಯುತ್ತದೆ. ಬಾಜೀರಾವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ, ಶುಕ್ರವಾರ ಪೇಠೆಯ ನಾತೂ ಬಾಗಿನಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವನ್ನು ನಾನು ಆ ಪಟ್ಟಿಗೆ ಸೇರಿಸಿದ್ದು ತೀರ ತಡವಾಗಿ. ಹದಿನೆಂಟು ವರ್ಷ ಕೋಥ್ರೂಡಿನಲ್ಲಿದ್ದೂ ಅದನ್ನು ಎರಡೇ ಸಲ, ಅದೂ ಅವಸರದಲ್ಲಿ ನೋಡಿದ್ದೆ. ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ಅವ್ವ ಬಂದು ಒಂದು ತಿಂಗಳು ನಮ್ಮಲ್ಲಿದ್ದಾಗ ಮೂರನೆಯ ಸಲ ಹೋದೆವು. ಜೊತೆಗೆ ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. ಅವ್ವನಿಗೆ ಮೆಟ್ಟಿಲು ಹತ್ತುವಾಗ ಆಸರೆಯಾಗಲೆಂದು ನಮ್ಮ ಮನೆಗೆ ಕೆಲಸಕ್ಕೆ ಬರುವ, ಅಫಜಲಪುರದ ಕಡೆಯ ಹೆಣ್ಣುಮಗಳೊಬ್ಬಳು. ನಾಲ್ಕು ಜನ ನಾಲ್ಕು ರೀತಿಯಲ್ಲಿ ಆ ಮನೆಯನ್ನು ನೋಡಿದ ಕಾರಣದಿಂದಲೇ ಈ ವಿಮರ್ಶೆಯನ್ನು ಬರೆಯುವ ಮನಸ್ಸಾಯಿತು.

ವಸ್ತುಸಂಗ್ರಹಾಲಯಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿ ಏನೇನಿದೆ, ಎಷ್ಟು ಹಳೆಯದು, ಟಿಕೆಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲವೇ ಎಂದು ನೋಡುತ್ತಾರೆ. ಹಳೆಯ ಊರೊಂದರ ನಡುಮಧ್ಯದಲ್ಲಿ, ಬಳೆ ಅಂಗಡಿ ಮತ್ತು ಪಾತ್ರೆ ಅಂಗಡಿಗಳ ನೆರೆಯಲ್ಲಿ ಇರುವ ಸಂಗ್ರಹಾಲಯಕ್ಕೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂದು ನನಗೆ ತೋರುತ್ತದೆ: ಅದು ಸುತ್ತಲಿನ ಜನರಿಗೆ ಏನಾಗಿದೆ? ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿದ ಹೊಸ ವ್ಯಾಖ್ಯೆಯಲ್ಲಿ ಸಮಾಜದ ಸೇವೆ ಎಂಬ ಮಾತಿನ ಜೊತೆಗೆ ಸಮುದಾಯಗಳ ಪಾಲ್ಗೊಳ್ಳುವಿಕೆ ಎಂಬ ಮಾತೂ ಸೇರಿದೆ. ವ್ಯಾಖ್ಯೆ ಬರೆಯುವವರು ಪ್ರಾಗ್‌ನಲ್ಲಿ ಕುಳಿತು ಯೋಚಿಸಿದ್ದು ಶುಕ್ರವಾರ ಪೇಠೆಯ ಒಂದು ಗಾಜಿನ ಕಪಾಟಿನ ಮುಂದೆ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಮೊದಲು ಈ ಸಂಗ್ರಹದ ಹಿನ್ನೆಲೆಯನ್ನು ಹೇಳಬೇಕು. ದಿನಕರ ಗಂಗಾಧರ ಕೇಳಕರ 1896ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡವರು. ಅವರು ‘ಅಜ್ಞಾತವಾಸಿ’ ಎಂಬ ಕಾವ್ಯನಾಮದಲ್ಲಿ ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದರು. 1920ರ ಸುಮಾರಿಗೆ ಆರಂಭವಾದ ಅವರ ಸಂಗ್ರಹದ ಹುಚ್ಚು ನಿಧಾನವಾಗಿ ರಾಜಮಹಾರಾಜರ ವಸ್ತುಗಳಿಂದ ಅಡುಗೆಮನೆಯ ಕಡೆಗೆ, ಬಚ್ಚಲುಮನೆಯ ಕಡೆಗೆ, ಎಲೆಅಡಿಕೆಯ ತಟ್ಟೆಯ ಕಡೆಗೆ ತಿರುಗಿತು. ಪತ್ನಿ ಕಮಲಾಬಾಯಿ ಈ ಹುಚ್ಚಿಗೆ ಜೊತೆಯಾದರು. ಇದ್ದೊಬ್ಬ ಮಗ ರಾಜಾ ಎಳವೆಯಲ್ಲೇ ತೀರಿಕೊಂಡ. ಸಂಗ್ರಹಕ್ಕೆ ಆ ಮಗುವಿನ ಹೆಸರೇ ನಿಂತಿತು. ಹೊರಗಿನ ಫಲಕದಲ್ಲಿ ‘ರಾಜಾ’ ಎಂಬ ಪದವನ್ನು ಓದಿ ಇದು ಯಾವುದೋ ಸಂಸ್ಥಾನಿಕರ ಅರಮನೆಯೆಂದು ತಿಳಿದು ಬರುವವರೂ ಇದ್ದಾರೆ. ನಮ್ಮ ಮಗಳೂ ಹಾಗೆಯೇ ತಿಳಿದಿದ್ದಳು. ವಿಷಯ ತಿಳಿದ ಮೇಲೆ ಆಟಿಕೆಗಳಿರುವ ಕಪಾಟಿನ ಮುಂದೆ ಅವಳು ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. 1962ರಲ್ಲಿ ಇದು ಸಂಗ್ರಹಾಲಯವಾಗಿ ರೂಪುಗೊಂಡಿತು, 1975ರಲ್ಲಿ ಕೇಳಕರರು ಎಲ್ಲವನ್ನೂ ಮಹಾರಾಷ್ಟ್ರ ಸರಕಾರದ ಪುರಾತತ್ವ ಇಲಾಖೆಗೆ ಒಪ್ಪಿಸಿದರು. ಜೀವಮಾನವಿಡೀ ಕಾಸು ಕೂಡಿಸಿ ತಂದದ್ದನ್ನು ಊರಿಗೆ ಕೊಟ್ಟುಬಿಡುವ ಈ ಬಗೆಯನ್ನು ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: ‘ಮಗಾ ಹ್ವಾದ ಮ್ಯಾಲ ಊರಿನ ಮಕ್ಕಳಿಗೆಲ್ಲಾ ಆಸ್ತಿ ಬರದಾನ ಬಿಡು.’

ಮೂರು ಅಂತಸ್ತಿನ ಹಳೆಯ ಮಾದರಿಯ ಕಟ್ಟಡ. ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೇಲಕ್ಕೆ, ಮನೆಯೊಂದನ್ನು ಹೊಕ್ಕು ನೋಡಿದಂತೆಯೇ ನೋಡಬೇಕು. ಮಂಡಿನೋವಿನವರು ಒಂದು ಅಂತಸ್ತಿಗೆ ಒಂದು ತಾಸು ಎಂದು ಲೆಕ್ಕ ಹಿಡಿದು, ನಡುನಡುವೆ ಕುಳಿತು ಸಾಗುವುದು ಒಳ್ಳೆಯದು. ನಾವು ಹಾಗೆಯೇ ಮಾಡಿದೆವು.

ಈ ಮನೆಯ ನಿಜವಾದ ಮಹಿಮೆ ನನಗೆ ಅರ್ಥವಾದದ್ದು ಅಡಕೊತ್ತುಗಳ ಮುಂದೆ. ಗಾಜಿನ ಹಿಂದೆ ಸಾಲುಸಾಲಾಗಿ ಹಿತ್ತಾಳೆ ಮತ್ತು ಕಬ್ಬಿಣದ ಅಡಕೊತ್ತುಗಳು. ಕೆಲವು ಕುದುರೆಯ ಆಕಾರದವು, ಕೆಲವು ಅಪ್ಪಿಕೊಂಡ ಗಂಡಹೆಂಡಿರ ಆಕಾರದವು. ಪ್ರವಾಸಿಗಳು ಈ ದಂಪತಿಯ ಆಕಾರಗಳನ್ನು ಕಂಡು ನಕ್ಕು ಮುಂದೆ ಹೋಗುತ್ತಾರೆ. ಅವ್ವ ನಗಲಿಲ್ಲ. ಅವಳ ದೃಷ್ಟಿ ಅಲಂಕಾರವನ್ನು ಬಿಟ್ಟು ಅಲಗಿನ ಮೇಲೆ ನಿಂತಿತು. ಅವಳು ತೋರಿಸಿದ ಮೇಲೆ ನನಗೂ ಕಂಡಿತು: ಸಾಲಿನಲ್ಲಿದ್ದ ಒಂದು ಸಾದಾ ಅಡಕೊತ್ತಿನ ಅಲಗು ನಡುವೆ ಸವೆದು ಬಿಲ್ಲಿನಂತೆ ಒಳಬಾಗಿತ್ತು, ತುದಿಯ ಬಳಿ ಮಾತ್ರ ಮೊದಲಿನ ಅಗಲ ಉಳಿದಿತ್ತು. ಮಸೆದು ಮಸೆದು ಹಾಗಾಗಿದೆ, ಇದನ್ನು ದಿನಕ್ಕೆ ಹತ್ತು ಸಲ ಬಳಸಿದವರು ಇದ್ದರು, ಪಕ್ಕದಲ್ಲಿರುವ ಕುದುರೆಯ ಮುಖದ್ದನ್ನು ಮದುವೆಯಲ್ಲಷ್ಟೇ ಹೊರಗೆ ತೆಗೆಯುತ್ತಿದ್ದರು ಎಂದು ಅವಳು ಎರಡನ್ನೂ ಹೋಲಿಸಿ ವಿವರಿಸಿದಳು. ಆಮೇಲೆ ಬರಿಗೈಯಲ್ಲೇ, ಎಡಗೈ ಬೆರಳುಗಳ ನಡುವೆ ಇಲ್ಲದ ಅಡಿಕೆಯನ್ನು ಹಿಡಿದು, ಬಲಗೈಯನ್ನು ಒತ್ತುತ್ತ, ಹೋಳು ತೆಳ್ಳಗೆ ಬರಬೇಕಾದರೆ ಮಣಿಕಟ್ಟು ಎಲ್ಲಿ ನಿಲ್ಲಬೇಕೆಂದು ಮೊಮ್ಮಗಳಿಗೆ ತೋರಿಸತೊಡಗಿದಳು.

ಆಗ ಪಕ್ಕದಲ್ಲಿದ್ದ, ಒಂಬತ್ತು ಗಜದ ಸೀರೆಯುಟ್ಟ ಹಿರಿಯರೊಬ್ಬರು ‘ಅಹೋ ಆಜೀ, ಅಸಾ ನಾಹೀ’ ಎಂದು ತಡೆದು, ತಮ್ಮ ತವರಿನಲ್ಲಿ ಅಡಿಕೆಯನ್ನು ಹೇಗೆ ಹಿಡಿಯುತ್ತಿದ್ದರೆಂದು ತೋರಿಸಿದರು. ಮುಂಬಯಿ ಪ್ರಾಂತ್ಯದ ಕಾಲದ ಧಾರವಾಡದ ನೆರಳಿನಲ್ಲಿ ಬೆಳೆದ ಅವ್ವನಿಗೆ ಮರಾಠಿ ಸಾಕಷ್ಟು ಬರುತ್ತದೆ. ಇಬ್ಬರೂ ಅರ್ಧ ಮರಾಠಿ, ಅರ್ಧ ಕೈಸನ್ನೆಯಲ್ಲಿ ಕಾಲು ತಾಸು ವಾದ ಮಾಡಿದರು. ಸುತ್ತ ಆರೇಳು ಮಂದಿ ನಿಂತು ಕೇಳಿದರು. ಅದರಲ್ಲಿ ಇಬ್ಬರು ಕಾಲೇಜು ಹುಡುಗರು ಅಡಕೊತ್ತು ಎಂಬುದನ್ನು ಜೀವನದಲ್ಲಿ ಮೊದಲ ಬಾರಿಗೆ ಕಂಡವರು. ಅಡಿಕೆಯನ್ನು ‘ಸುಪಾರಿ’ ಎನ್ನುವ ಮರಾಠಿ, ಅದನ್ನು ಕತ್ತರಿಸುವ ಸಾಧನವನ್ನು ಮಾತ್ರ ‘ಅಡಕಿತ್ತಾ’ ಎನ್ನುತ್ತದೆ. ನಮ್ಮ ಅಡಕೆ ಆ ಪದದ ಒಳಗೆ ಹೋಗಿ ಕುಳಿತಿರುವುದನ್ನು ನಾನು ಹೇಳಿದಾಗ ಆ ಹಿರಿಯರು ಕ್ಷಣಕಾಲ ಯೋಚಿಸಿ, ‘ಮಗ ತುಮಚೀಚ ವಸ್ತು’, ಹಾಗಾದರೆ ನಿಮ್ಮದೇ ವಸ್ತು, ಎಂದು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟರು. ಗಡಿಯ ವಿಷಯದಲ್ಲಿ ಎರಡೂ ಕಡೆಯ ಮುಖಂಡರಿಗೆ ಸಾಧ್ಯವಾಗದ ಸೌಜನ್ಯ ಅದು.

ಸಂಗ್ರಹಾಲಯದ ಸಾಮಾಜಿಕ ಪಾತ್ರ ಎಂಬ ದೊಡ್ಡ ಮಾತಿಗೆ ನಾನು ಕೊಡಬಲ್ಲ ಉದಾಹರಣೆ ಈ ಕಾಲು ತಾಸು. ಪರಸ್ಪರ ಪರಿಚಯವಿಲ್ಲದ ಇಬ್ಬರು ಮುದುಕಿಯರು ಅಲ್ಲಿ ಕಲಿಸುವವರಾದರು. ಸುತ್ತ ನಿಂತ ಮಕ್ಕಳು ಕೇಳುವವರಾದರು. ನಮ್ಮ ಮನೆಗಳಲ್ಲಿ ಈಗ ಇದು ತಿರುವುಮುರುವಾಗಿದೆ. ಫೋನಿನಲ್ಲಿ ಹಣ ಕಳಿಸುವುದು ಹೇಗೆ, ಟಿವಿಯ ರಿಮೋಟಿನಲ್ಲಿ ಯಾವ ಗುಂಡಿ ಒತ್ತಬೇಕು ಎಂದು ದಿನವೂ ಮೊಮ್ಮಗಳಿಂದ ಪಾಠ ಹೇಳಿಸಿಕೊಳ್ಳುವ ಅಜ್ಜಿಗೆ, ತನಗೆ ಗೊತ್ತಿರುವುದನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ಜಾಗ ಬಹಳ ಇಲ್ಲ. ಇದೇ ಊರಿನ ಇನ್ನೊಂದು ಸಂಗ್ರಹಾಲಯದಲ್ಲಿ, ಅದರ ಹೆಸರು ಬೇಡ, ಹಿಂದೊಮ್ಮೆ ಅವ್ವ ಹೀಗೆಯೇ ಮಾತು ತೆಗೆದಾಗ ಕಾವಲಿನವನು ಬಂದು ಗದ್ದಲ ಮಾಡಬೇಡಿರೆಂದು ಗದರಿಸಿದ್ದ. ಆಮೇಲೆ ಅವಳು ಹೊರಗೆ ಬರುವವರೆಗೂ ಬಾಯಿ ತೆರೆಯಲಿಲ್ಲ, ಬಂದ ಮೇಲೂ ‘ಗುಡಿಗಿಂತಾ ಬಿಗಿ ಐತಿ’ ಎಂದಷ್ಟೇ ಹೇಳಿದ್ದಳು. ಮೌನ ಬೇಕಾದ ಸಂಗ್ರಹಾಲಯಗಳೂ ಇವೆ ಎಂಬುದನ್ನು ನಾನು ಒಪ್ಪುತ್ತೇನೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯದಲ್ಲಿ ಐಹೊಳೆಯ ಗುಡಿಯ ಛತ್ತಿನಿಂದ ಬಂದ ದೊಡ್ಡ ಶಿಲಾಫಲಕಗಳಿವೆ. 1922ರಲ್ಲಿ ಆ ಸಂಗ್ರಹಾಲಯ ಜನರಿಗೆ ತೆರೆದಾಗ ಐಹೊಳೆ ಸೇರಿದ್ದ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ನಮ್ಮ ದೇವರುಗಳಿಗೆ ಅದೇ ರಾಜಧಾನಿಯಾಯಿತು. ತಲೆಯೆತ್ತಿ ನೋಡಬೇಕಾದ ಬ್ರಹ್ಮನನ್ನು ಅಲ್ಲಿ ಕಣ್ಣಿನ ಮಟ್ಟದಲ್ಲಿ ನೋಡುವಾಗ ಯಾರಿಗೂ ಮಾತು ಹೊರಡುವುದಿಲ್ಲ, ಹೊರಡಬೇಕಾಗಿಯೂ ಇಲ್ಲ. ಆದರೆ ಬ್ರಹ್ಮನನ್ನು ಕೆತ್ತುವುದು ಹೇಗೆಂದು ಅವ್ವನಿಗೆ ಗೊತ್ತಿಲ್ಲ, ನೀಲಾಂಜನದ ಬತ್ತಿ ಹೊಸೆಯುವುದು ಗೊತ್ತಿದೆ. ಕೇಳಕರರ ಮನೆ ಆ ಎರಡನೆಯ ಬಗೆಯ ತಿಳಿವಳಿಕೆಗೆ ಕಟ್ಟಿದ್ದು.

ದೀಪಗಳ ಭಾಗದಲ್ಲಿ ಅದು ಇನ್ನಷ್ಟು ಸ್ಪಷ್ಟವಾಯಿತು. ತೂಗುದೀಪ, ಹಕ್ಕಿಯ ಆಕಾರದ ದೀಪ, ಎತ್ತರದ ಸಮೆ, ಕೈಯಲ್ಲಿ ಹಿಡಿಯುವ ಆರತಿ. ಮರಾಠಿಯಲ್ಲಿ ‘ನಿರಾಂಜನ’ ಎಂಬುದು ನಮ್ಮ ಕಡೆ ‘ನೀಲಾಂಜನ’. ಅವರ ‘ಸಮಈ’ ನಮ್ಮ ‘ಸಮೆ’. ಮಗಳ ಕೈಯಲ್ಲಿದ್ದ ಪುಸ್ತಕದಲ್ಲಿ ಎರಡು ಸಾಲು ಮಾಡಿ, ಒಂದರಲ್ಲಿ ಮರಾಠಿ, ಇನ್ನೊಂದರಲ್ಲಿ ಅಜ್ಜಿ ಹೇಳಿದ ಕನ್ನಡ ಹೆಸರುಗಳನ್ನು ಬರೆಯಿಸಿದೆ. ಅವಳಿಗೆ ಕನ್ನಡ ಮಾತನಾಡಲು ಬರುತ್ತದೆ, ಬರೆಯುವುದು ತಿಣುಕಾಟ. ‘ಗಂಗಾಳ’, ‘ತಂಬಿಗೆ’, ‘ಕೊಪ್ಪರಿಗೆ’, ‘ಮಿಳ್ಳೆ’ ಎಂದು ಬರೆಯುತ್ತ ಹೋದಂತೆ ಒಂದು ಪುಟ ತುಂಬಿತು. ಮನೆಮಾತಿನ ಪಾಠಕ್ಕೆ ನಾನು ಇದುವರೆಗೆ ತಂದ ಪುಸ್ತಕಗಳಿಗಿಂತ ಇದು ಹೆಚ್ಚು ಕೆಲಸ ಮಾಡಿತು. ವಲಸೆ ಬಂದವರ ಮನೆಯಲ್ಲಿ ಮೊದಲು ಸಾಯುವುದು ವಸ್ತುಗಳ ಹೆಸರು. ಸ್ಟೀಲಿನ ಡಬ್ಬಿ ಬಂದ ಮೇಲೆ ಎಲ್ಲವೂ ‘ಡಬ್ಬಿ’, ಪ್ಲಾಸ್ಟಿಕ್ಕು ಬಂದ ಮೇಲೆ ಎಲ್ಲವೂ ‘ಬಾಕ್ಸು’.

ಕಾಲಿನ ಹಿಮ್ಮಡಿ ತಿಕ್ಕುವ, ಮರಾಠಿಯಲ್ಲಿ ‘ವಜ್ರಿ’ ಎನ್ನುವ ಸಾಧನಗಳು ಇಲ್ಲಿನ ಇನ್ನೊಂದು ವಿಶೇಷ. ಕೆಳಗೆ ಒರಟಾದ ಮೈ, ಮೇಲೆ ಪ್ರಾಣಿಪಕ್ಷಿಗಳ ಕೆತ್ತನೆ. ಬಚ್ಚಲಿನಲ್ಲಿ ಯಾರೂ ನೋಡದಿರುವ ವಸ್ತುವಿಗೂ ಇಷ್ಟು ಚೆಲುವೇಕೆ ಎಂದು ಮಗಳು ಕೇಳಿದಳು. ‘ನಾವು ಬಡವರು, ಹಂಚಿನ ಚೂರಿನಾಗ ತಿಕ್ಕೋತಿದ್ವಿ’ ಎಂದ ಅವ್ವ ಆ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಅಫಜಲಪುರದ ಹೆಣ್ಣುಮಗಳು ಅಷ್ಟು ಹೊತ್ತು ಮೌನವಾಗಿದ್ದಳು. ಹಿತ್ತಾಳೆ ಪಾತ್ರೆಗಳ ಸಾಲಿನ ಮುಂದೆ ನಿಂತು ಒಂದು ಪ್ರಶ್ನೆ ಕೇಳಿದಳು: ‘ಇಷ್ಟ್ ಹಿತ್ತಾಳಿ ದಿನಾ ತಿಕ್ಕವ್ರು ಯಾರ್ರೀ ಅಮ್ಮಾರ?’ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ಇಂಥ ಹಂಡೆಯೊಂದನ್ನು ತೊಳೆಯಲು ಎಷ್ಟು ಹೊತ್ತು ಬೇಕು, ಬೆರಳಿನ ಸಂದಿಯಲ್ಲಿ ಹಸಿರು ಹೇಗೆ ಕೂರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳ ತಾಯಿ ಗೌಡರ ಮನೆಯಲ್ಲಿ ಅದೇ ಕೆಲಸ ಮಾಡಿದವಳು. ಈ ಪ್ರಶ್ನೆ ಇಡೀ ಸಂಗ್ರಹಕ್ಕೆ ಕೇಳಬೇಕಾದದ್ದು ಎಂದು ನನಗೆ ಅನ್ನಿಸಿತು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ಅಲಂಕೃತ ನಿತ್ಯವಸ್ತುಗಳೇ ಇಲ್ಲಿ ಹೆಚ್ಚು. ಅಲಂಕಾರ ಮಾಡಿಸಲು ಶಕ್ತಿಯಿದ್ದ ಮನೆಗಳ ವಸ್ತುಗಳು ಉಳಿದವು. ಮಡಕೆ, ಸೋರೆಬುರುಡೆ, ಹರಿದ ಕೌದಿ ಉಳಿಯಲಿಲ್ಲ. ಇದು ಕೇಳಕರರ ತಪ್ಪಲ್ಲ, ಕೂಡಿಡುವ ಯಾರಿಗೂ ಲೋಹ ಸಿಗುತ್ತದೆ, ಮಣ್ಣು ಒಡೆದು ಹೋಗಿರುತ್ತದೆ. ಆದರೆ ವಸ್ತುವನ್ನು ಬಳಸಿದ ಯಜಮಾನಿಯ ಜೊತೆಗೆ ಅದನ್ನು ಬೆಳಗಿದ ಕೈಯನ್ನೂ ನೋಡುವವರು ಕಲ್ಪಿಸಿಕೊಳ್ಳಬೇಕಾಗುತ್ತದೆ. ಇಲ್ಲಿಂದ ದೂರವಲ್ಲದ ಗಂಜ ಪೇಠೆಯಲ್ಲಿ ಮಹಾತ್ಮ ಫುಲೆಯವರ ವಾಡೆಯಿದೆ; 1868ರಲ್ಲಿ ಅವರು ಅಸ್ಪೃಶ್ಯರೆನಿಸಿಕೊಂಡವರಿಗೆ ನೀರು ಸೇದಲು ತೆರೆದುಕೊಟ್ಟ ಬಾವಿ ಆ ಮನೆಯದು. ತಂಬಿಗೆಗಳನ್ನು ಇಲ್ಲಿ ನೋಡಿದವರು ಆ ಬಾವಿಯನ್ನೂ ಅದೇ ದಿನ ನೋಡಿದರೆ ಹಳೆಯ ಪುಣೆಯ ಚಿತ್ರ ಹೆಚ್ಚು ಪೂರ್ಣವಾಗುತ್ತದೆ. ಯಾರು ಯಾವ ತಂಬಿಗೆಯಲ್ಲಿ ನೀರು ಕುಡಿಯಬಹುದಿತ್ತು ಎಂಬ ಪ್ರಶ್ನೆ ಆ ಎರಡು ಜಾಗಗಳ ನಡುವಿನ ದಾರಿಯಲ್ಲಿ ತಾನಾಗಿ ಏಳುತ್ತದೆ.

ಬಾಗಿಲುಗಳ ಬಗ್ಗೆಯೂ ಸ್ವಲ್ಪ ಹೇಳಬೇಕು. ಕೆತ್ತಿದ ಚೌಕಟ್ಟುಗಳು, ಕಿಟಕಿಗಳು, ಇಡೀ ಬಾಗಿಲುಗಳು ಗೋಡೆಗೆ ಒರಗಿ ನಿಂತಿವೆ. ಏಳು ವಾರಗಳ ಹೆಸರಿನ ಪೇಠೆಗಳುಳ್ಳ ಈ ಊರಿನಲ್ಲಿ ನಾನು ಬಂದಾಗ ಇದ್ದ ವಾಡೆಗಳಲ್ಲಿ ಎಷ್ಟೋ ಈಗಿಲ್ಲ. ಒಂದು ವಾಡೆಯಲ್ಲಿ ಹತ್ತು ಬಾಡಿಗೆದಾರರು, ಕಡಿಮೆ ಬಾಡಿಗೆ, ಸೋರುವ ಛಾವಣಿ, ಅಣ್ಣತಮ್ಮಂದಿರ ವ್ಯಾಜ್ಯ. ಕೊನೆಗೆ ಬಿಲ್ಡರು ಬರುತ್ತಾನೆ. ಅವರ ಕಷ್ಟ ನೋಡದೆ ಪರಂಪರೆಯ ಭಾಷಣ ಬಿಗಿಯುವುದು ಹೊರಗಿನವರಿಗೆ ಸುಲಭ. ಆದರೆ ವಾಡೆ ಬಿದ್ದಾಗ ಅದರ ಜೊತೆಗಿದ್ದ ಚೌಕ, ಚೌಕದ ಬಾವಿಕಟ್ಟೆ, ಕಟ್ಟೆಯ ಮೇಲಿನ ಮಧ್ಯಾಹ್ನದ ಮಾತು, ಇವು ಏಳನೆಯ ಮಹಡಿಯ ಫ್ಲ್ಯಾಟಿಗೆ ಹೋಗಲಾರವು. ಅವುಗಳಲ್ಲಿ ಸ್ವಲ್ಪ ಭಾಗ, ವಸ್ತುಗಳ ನೆಪದಲ್ಲಿ, ಈ ಸಂಗ್ರಹಾಲಯದ ಕೋಣೆಗಳಿಗೆ ಬಂದು ಸೇರಿದೆ. ಪ್ರತಿ ಮನೆಗೂ ಒಂದು ಅಟ್ಟವಿರುತ್ತಿತ್ತು. ಅಟ್ಟವಿಲ್ಲದ ಮನೆಗಳ ಊರಿಗೆ ಇದು ಎಲ್ಲರ ಪಾಲಿನ ಅಟ್ಟ.

ಮಸ್ತಾನಿ ಮಹಲಿನ ವಿಷಯದಲ್ಲಿ ನನಗೆ ಸ್ವಂತದ ಕುತೂಹಲವೂ ಇತ್ತು. ಒಂದನೆಯ ಬಾಜೀರಾವನು ಮಸ್ತಾನಿಗಾಗಿ 1734ರಲ್ಲಿ ಕಟ್ಟಿಸಿದ ನಿವಾಸ ಇದ್ದದ್ದು ಕೋಥ್ರೂಡಿನಲ್ಲಿ, ಈಗಿನ ಕರ್ವೆ ರಸ್ತೆಯ ಮೃತ್ಯುಂಜಯ ದೇವಸ್ಥಾನದ ಬಳಿ. ನಾನು ತರಕಾರಿ ತರುವ ದಾರಿ ಅದು. ಅದರ ಉಳಿದ ಭಾಗಗಳನ್ನು ತಂದು ಇಲ್ಲಿ ಮರುಜೋಡಿಸಿದ್ದಾರೆ. ಮಂದ ಬೆಳಕಿನಲ್ಲಿ ಮರದ ಕಂಬಗಳು, ಕಮಾನುಗಳು. ಪೇಶ್ವೆ ಮನೆತನ ಕೊನೆಯವರೆಗೂ ತನ್ನವಳೆಂದು ಒಪ್ಪದ ಹೆಣ್ಣು ಅವಳು. ಆಗ ಊರಿನ ಹೊರಗಿದ್ದ ಅವಳ ನಿವಾಸ ಈಗ ಪೇಠೆಗಳ ನಟ್ಟನಡುವೆ ಬಂದು ಕುಳಿತಿದೆ, ಅದನ್ನು ನೋಡಲು ಪೇಠೆಯ ಸೊಸೆಯಂದಿರು ಟಿಕೆಟ್ ತೆಗೆದುಕೊಂಡು ಬರುತ್ತಾರೆ. ಇಂಥ ತಿರುವನ್ನು ಯಾವ ಸಂಗ್ರಹಾಲಯವೂ ಯೋಜಿಸಿ ಮಾಡಲಾರದು.

ವಾದ್ಯಗಳ ಸಂಗ್ರಹ ಬಲು ದೊಡ್ಡದು, ಪ್ರಸಿದ್ಧವಾದದ್ದು. ಅದನ್ನು ನೋಡುವಾಗ ಮಾತ್ರ ನನಗೆ ಸ್ವಲ್ಪ ದುಃಖವಾಗುತ್ತದೆ. ಸವಾಯಿ ಗಂಧರ್ವ ಉತ್ಸವ 1953ರಿಂದ ನಡೆಯುತ್ತಿರುವ ಊರು ಇದು. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗಿನ ಶಿಷ್ಯ ಭೀಮಸೇನ ಜೋಶಿಯವರು ಕಟ್ಟಿ ಬೆಳೆಸಿದ ಉತ್ಸವ. ಡಿಸೆಂಬರಿನಲ್ಲಿ ಅಲ್ಲಿ ತಂಬೂರಿಯ ನಾದದಲ್ಲಿ ಮುಳುಗಿ ಬಂದವರಿಗೆ ಇಲ್ಲಿ ಗಾಜಿನ ಹಿಂದೆ ತಂತಿ ಬಿಗಿಸಿಕೊಳ್ಳದೆ ನಿಂತ ವಾದ್ಯಗಳನ್ನು ಕಂಡಾಗ ಕಿವಿ ಖಾಲಿಯೆನಿಸುತ್ತದೆ. ಅಡಕೊತ್ತಿನ ಬಗ್ಗೆ ಅವ್ವ ಹೇಳಬಲ್ಲಳು. ನೂರು ವರ್ಷ ಹಳೆಯ ವಾದ್ಯ ಏನು ಹೇಳುತ್ತಿತ್ತು ಎಂಬುದನ್ನು ನುಡಿಸಿದ ಹೊರತು ಯಾರೂ ಹೇಳಲಾರರು.

ಚಿತ್ರಕಥಿ ಚಿತ್ರಗಳು, ಗೊಂಬೆಗಳು, ಹುಕ್ಕಾಗಳು, ಮಸಿಕುಡಿಕೆಗಳು, ಬಾಚಣಿಗೆಗಳು, ಬೀಗಗಳು ಇವನ್ನೆಲ್ಲ ವರ್ಣಿಸುತ್ತ ಕುಳಿತರೆ ಮುಗಿಯದು. ತೊಗಲುಗೊಂಬೆಗಳ ಮುಂದೆ ಅವ್ವ ಕಿಳ್ಳೇಕ್ಯಾತರ ಆಟವನ್ನು ನೆನೆದಳು, ಬೀಗಗಳ ಮುಂದೆ ನಾನು ನಿಂತೆ.

ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಸ್ತುಗಳು ಈ ಸಂಗ್ರಹದಲ್ಲಿವೆ, ಪ್ರದರ್ಶನದಲ್ಲಿರುವುದು ಸುಮಾರು 2,500. ಅಂದರೆ ಎಂಟರಲ್ಲಿ ಒಂದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಜಾಗದ ಕೊರತೆಯಿರುವ ಹಳೆಯ ಕಟ್ಟಡದಲ್ಲಿ ಇದು ಅನಿವಾರ್ಯ. ಊರಿನ ಹೊರಗೆ ಬಾವಧನದಲ್ಲಿ ದೊಡ್ಡ ಸಂಕೀರ್ಣ ಕಟ್ಟುವ ಆಲೋಚನೆ ಬಹಳ ವರ್ಷಗಳಿಂದ ಇದೆ. ಎಲ್ಲವೂ ಒಂದು ದಿನ ಅಲ್ಲಿ ವಿಶಾಲವಾಗಿ ಹರಡಿಕೊಂಡರೆ ವಿದ್ವಾಂಸರಿಗೆ ಸಂತೋಷವಾದೀತು, ಕಾರು ನಿಲ್ಲಿಸಲು ಜಾಗವೂ ಸಿಕ್ಕೀತು. ಆದರೆ ಒಂದು ಆತಂಕವನ್ನು ಹೇಳಲೇಬೇಕು: ತುಳಶೀಬಾಗಿಗೆ ಕುಕ್ಕರಿನ ರಬ್ಬರು ಕೊಳ್ಳಲು ಬಂದ ಹೆಂಗಸು ದಾರಿಯಲ್ಲಿ ಒಳಗೆ ಹೊಕ್ಕು ಬರಬಹುದಾದ ಸಂಗ್ರಹಾಲಯ ಇದು. ಒಂಬತ್ತು ಗಜದ ಸೀರೆಯ ಆ ಹಿರಿಯರು ನಡೆದುಕೊಂಡೇ ಬಂದಿದ್ದರು, ಮೊಮ್ಮಗನನ್ನು ಶಾಲೆಗೆ ಬಿಟ್ಟು, ಮನೆಗೆ ಹೋಗುವ ಮುನ್ನ. ಬಾವಧನಕ್ಕೆ ಅವರು ಹೋಗುವುದಿಲ್ಲ. ಹೊರಗೆ ಎಷ್ಟೇ ದೊಡ್ಡ ಕಟ್ಟಡ ಬರಲಿ, ಅಡಕೊತ್ತು, ದೀಪ, ಪಾತ್ರೆಗಳಾದರೂ ಈ ಪೇಠೆಯಲ್ಲೇ ಉಳಿಯಲಿ ಎಂದು ನನ್ನ ಬೇಡಿಕೆ.

ಇನ್ನೊಂದು ಬೇಡಿಕೆ ಹಣವಿಲ್ಲದೆ ಆಗುವಂಥದ್ದು. ಎಂಬತ್ತು ದಾಟಿದ ಎರಡು ಜೀವಗಳು ಅಡಿಕೆ ಹಿಡಿಯುವ ಬಗೆಯ ಮೇಲೆ ವಾದಿಸಿದಾಗ ಹೊರಬಂದ ಮಾಹಿತಿ ಯಾವ ಫಲಕದಲ್ಲೂ ಹಿಡಿಸುವಂಥದಲ್ಲ. ಕೇಳಿದ ಏಳು ಮಂದಿಯ ಕಿವಿಯಲ್ಲಿ ಉಳಿದು, ಆಮೇಲೆ ಹೋಗಿಬಿಡುತ್ತದೆ. ಹಳೆಯ ಊರುಗಳ ಸಂಗ್ರಹಾಲಯಗಳೆಲ್ಲ ತಿಂಗಳಿಗೊಂದು ದಿನ ಹಿರಿಯರನ್ನು ಕರೆದು, ಒಂದು ವಸ್ತುವನ್ನು ಮುಂದಿಟ್ಟು, ಅವರು ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡರೆ ಹತ್ತು ವರ್ಷಗಳಲ್ಲಿ ಎಂಥ ನಿಧಿಯಾದೀತು! ಅದಕ್ಕೆ ಇವತ್ತು ಒಂದು ಫೋನು ಸಾಕು. ಪುಣೆಯಲ್ಲಿರುವ ನಮ್ಮವರೂ ಇದರಲ್ಲಿ ಕೈಜೋಡಿಸಬಹುದು. ಗಣೇಶನಗರದಲ್ಲಿ ಕನ್ನಡ ಶಾಲೆಯನ್ನು ನಡೆಸುತ್ತ ಬಂದಿರುವ ಪುಣೆ ಕನ್ನಡ ಸಂಘದಂಥ ಸಂಸ್ಥೆಗಳು ಮಕ್ಕಳನ್ನು ಅಜ್ಜಅಜ್ಜಿಯರ ಸಮೇತ ಇಲ್ಲಿಗೆ ಕರೆತಂದು ಎರಡು ಭಾಷೆಯ ಹೆಸರುಗಳ ಪಟ್ಟಿ ಮಾಡಿಸಿದರೆ, ರಾಜ್ಯೋತ್ಸವದ ಭಾಷಣಕ್ಕಿಂತ ಅದು ಹೆಚ್ಚು ದಿನ ಬಾಳುತ್ತದೆ.

ನಾವು ಹೊರಬಿದ್ದಾಗ ಮಧ್ಯಾಹ್ನ ಎರಡು ಗಂಟೆ. ಊಟ ಮುಗಿಸಿ, ಅವ್ವ ದಣಿದಿದ್ದರೂ, ರಿಕ್ಷಾ ಹಿಡಿದು ಕಸಬಾ ಪೇಠೆಯ ತಾಂಬಟ ಆಳಿಗೆ ಹೋದೆವು. ನಮ್ಮ ಹುಬ್ಬಳ್ಳಿಯ ಕಂಚಗಾರ ಗಲ್ಲಿಯಂತೆ ಇದು ತಾಮ್ರದ ಕೆಲಸದವರ ಓಣಿ. ಪೇಶ್ವೆ ಕಾಲದಿಂದಲೂ ಅವರ ವಾಸ ಇಲ್ಲಿ. ಈಗ ಉಳಿದಿರುವ ಮನೆಗಳು ಕಡಿಮೆ, ಆದರೆ ಸುತ್ತಿಗೆಯ ಸದ್ದು ಓಣಿಯ ಬಾಯಿಯಲ್ಲೇ ಕೇಳಿಸುತ್ತದೆ. ಹೊಸ್ತಿಲ ಹತ್ತಿರ ಕುಳಿತ ಒಬ್ಬರು ತಾಮ್ರದ ಹಂಡೆಯೊಂದನ್ನು ಕಬ್ಬಿಣದ ಗೂಟದ ಮೇಲೆ ಕವುಚಿ ಸುತ್ತಲೂ ತಿರುಗಿಸುತ್ತ, ಒಂದರ ಪಕ್ಕ ಒಂದು ಪೆಟ್ಟು ಹಾಕುತ್ತಿದ್ದರು. ಪ್ರತಿ ಪೆಟ್ಟಿಗೂ ಸಣ್ಣದೊಂದು ಹೊಳೆಯುವ ಗುಳಿ ಮೂಡಿ, ಗುಳಿಗಳ ಸಾಲು ಸುತ್ತಿಕೊಂಡು ಮೇಲೇರುತ್ತಿತ್ತು. ಇದನ್ನು ‘ಮಠಾರಕಾಮ’ ಎನ್ನುತ್ತಾರೆ. ಚೆಲುವಿಗೆ ಮಾಡುವಂತೆ ಕಂಡರೂ ಮೆತ್ತಗಿರುವ ತಾಮ್ರ ಗಟ್ಟಿಯಾಗುವುದು ಈ ಪೆಟ್ಟುಗಳಿಂದಲೇ. ಬೆಳಿಗ್ಗೆ ಗಾಜಿನ ಹಿಂದೆ ಕಂಡ ಪಾತ್ರೆಯ ಮೈಮೇಲಿದ್ದ ಗುಳಿಗಳು ಏನೆಂದು ಮಗಳಿಗೆ ಆಗ ತಿಳಿಯಿತು. ಸಂಗ್ರಹಾಲಯ ಮತ್ತು ಈ ಓಣಿ ಎರಡನ್ನೂ ಒಂದೇ ದಿನ ನೋಡುವಂತೆ ನಾನು ಈಗ ಎಲ್ಲ ನೆಂಟರಿಗೂ ಹೇಳುತ್ತಿದ್ದೇನೆ, ಆದರೆ ಸುತ್ತಿಗೆಯ ಸದ್ದಿಗೆ ಕಿವಿ ಒಗ್ಗದವರು ಹೆಚ್ಚು ಹೊತ್ತು ನಿಲ್ಲಲಾರರು.

ಹೋಗುವವರಿಗೆ ಎರಡು ಮಾತು. ಭಾನುವಾರ ಮತ್ತು ಹಬ್ಬದ ಮುಂಚಿನ ದಿನಗಳಲ್ಲಿ ಲಕ್ಷ್ಮೀ ರಸ್ತೆ, ತುಳಶೀಬಾಗಿನ ಸುತ್ತ ಕಾಲಿಡಲು ಜಾಗವಿರುವುದಿಲ್ಲ, ಸ್ವಂತ ಕಾರು ತರುವ ಸಾಹಸ ಬೇಡ. ವಾರದ ದಿನ, ಬೆಳಿಗ್ಗೆ ತೆರೆದ ಕೂಡಲೇ ಹೋದರೆ ಒಂದೊಂದು ಕಪಾಟಿನ ಮುಂದೆ ನಿಲ್ಲಲು ಬಿಡುವು ಸಿಗುತ್ತದೆ. ಒಂದು ತಾಸಿನಲ್ಲಿ ಮುಗಿಸುವ ಉದ್ದೇಶವಿದ್ದರೆ ಹೋಗದಿರುವುದೇ ಲೇಸು. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಅವರಿಲ್ಲದೆ ನಾನು ಹೋದ ಎರಡು ಸಲವೂ ಹಿತ್ತಾಳೆಯನ್ನಷ್ಟೇ ನೋಡಿ ಬಂದಿದ್ದೆ.

ಎರಡು ವಾರ ಕಳೆದ ಮೇಲೆ ನಮ್ಮ ಮನೆಯ ಹೆಣ್ಣುಮಗಳು ಸೋಮವಾರ ಅರ್ಧ ತಾಸು ತಡವಾಗಿ ಬಂದು, ಹಿಂದಿನ ದಿನ ತನ್ನ ಇಬ್ಬರು ಮಕ್ಕಳನ್ನೂ, ಕಟ್ಟಡದ ಕೆಲಸಕ್ಕೆ ಬಂದಿರುವ ತಮ್ಮನ ಸಂಸಾರವನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದುದಾಗಿ ಹೇಳಿದಳು. ಮೀನಿನ ಹುರುಪೆ ಮತ್ತು ಮೊಸಳೆಯ ಚರ್ಮದಿಂದ ಮಾಡಿದ ಯುದ್ಧಕವಚವೊಂದು ಅಲ್ಲಿದೆ. ಮಕ್ಕಳು ಅದರ ಮುಂದಿನಿಂದ ಕದಲಲಿಲ್ಲವಂತೆ. ಭೀಮೆಯ ದಂಡೆಯಲ್ಲಿ ಮೀನು ಹಿಡಿದು ಬೆಳೆದ ಅವಳ ತಮ್ಮ ಮಾತ್ರ ಒಂದೊಂದು ಹುರುಪೆಯನ್ನೂ ದಿಟ್ಟಿಸಿ, ಇಷ್ಟು ದೊಡ್ಡ ಹುರುಪೆಯ ಮೀನು ಯಾವುದಿದ್ದೀತೆಂದು ಮನೆ ಮುಟ್ಟುವ ತನಕ ಲೆಕ್ಕ ಹಾಕುತ್ತಿದ್ದನಂತೆ.